ಗಂಟೆ ಹೊಡೆಯದ ಗೆರೆ

ಗೆರೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಗಂಡನ ಲ್ಯಾಪ್‌ಟಾಪಿನ ಪರದೆಯಲ್ಲಿ ಷೇರಿನ ಬೆಲೆ ತೋರಿಸುವ ಕೆಂಪು, ಹಸಿರು ಕಡ್ಡಿಗಳು ಮೆಟ್ಟಿಲಿಳಿದಂತೆ ಇಳಿದುಹೋಗಿದ್ದವು. ಅವುಗಳಿಗೂ ಕೆಳಗೆ, ಬಟ್ಟೆ ಹಾಕದ ಹಗ್ಗದ ಹಾಗೆ, ನೀಲಿ ಗೆರೆಯೊಂದು ಸುಮ್ಮನೆ ತೂಗುತ್ತಿತ್ತು. ಅವಳು ಹೆಗಲಿನ ಚೀಲವನ್ನೂ ಇಳಿಸದೆ ನಿಂತಲ್ಲಿಂದಲೇ ನೋಡಿದಳು. ಅದನ್ನು ಎಳೆದವಳು ಅವಳೇ. ಬೆಲೆ ಹಿಂದೆ ಬಿದ್ದು ಎದ್ದಿದ್ದ ಎರಡು ತಗ್ಗುಗಳಿಗೆ ತಾಗಿಸಿ, ಅಲ್ಲಿಂದ ಬಲಕ್ಕೆ ಚಾಚಿ ಎಳೆದಿದ್ದಳು. ಈಗ ಎರಡೂ ತಗ್ಗುಗಳು ಗೆರೆಯಿಂದ ಎಷ್ಟೋ ಮೇಲಿದ್ದವು.

ಬೇರೆಯವರ ಸಲೂನಿನಲ್ಲಿ ನಿಂತ ಕಾಲಲ್ಲೇ ಕೂದಲು ಕತ್ತರಿಸಿ ಉಳಿಸಿದ ದುಡ್ಡು ಆ ಷೇರಿನಲ್ಲಿತ್ತು. ತನ್ನದೇ ಒಂದು ಸಲೂನಿಗೆಂದು ಇಟ್ಟದ್ದು. ದಾರಿ ತೋರಿಸಿದವನು ಗಂಡ, ಷರತ್ತು ಹಾಕಿದವಳು ಅವಳು: ಬೆಲೆ ಈ ಗೆರೆಯ ಕೆಳಗಿಳಿದ ದಿನ, ಎರಡು ಮಾತಿಲ್ಲ, ಮಾರಿಬಿಡುವುದು. ಗೆರೆಗೆ ಒಂದು ಗಂಟೆಯನ್ನೂ ಕಟ್ಟಿದ್ದರು. ಬೆಲೆ ಅದನ್ನು ದಾಟಿದರೆ ಇಬ್ಬರ ಫೋನೂ ಟಿಂಗ್ ಎನ್ನಬೇಕು. ಸಂಜೆ ಬಂದು ಅವಳು ವಿಚಾರಿಸಿದಾಗಲೆಲ್ಲ ಅವನು, ಗಂಟೆ ಹೊಡೆದಿಲ್ಲವಲ್ಲ ಎನ್ನುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ. ಗೆರೆ ಸರಿದಲ್ಲಿಗೆ ಗಂಟೆಯೂ ಸರಿದಿತ್ತು.

ಆ ಮಧ್ಯಾಹ್ನ ಮಳಿಗೆಯ ಮಾಲೀಕ ಫೋನ್ ಮಾಡಿ, ಸಲೂನಿಗೆಂದು ಅವಳು ನೋಡಿಟ್ಟಿದ್ದ ಮೂಲೆಯ ಕೋಣೆಗೆ ಇನ್ನೊಬ್ಬರು ಬಂದಿದ್ದಾರೆ, ಮುಂಗಡವನ್ನು ಈ ವಾರವೇ ಕೊಟ್ಟರೆ ಕೋಣೆ ನಿಮಗೇ ಎಂದಿದ್ದ. ಷೇರು ಮಾರಿಸಬೇಕೆಂದೇ ಅವಳು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಎಂದಿನಂತೆ ತೆರೆದೇ ಇತ್ತು. ಷೇರು ಕೊಂಡಂದಿನಿಂದ ಅವನು ಆ ಪುಟವನ್ನು ಮುಚ್ಚಿದವನಲ್ಲ. ಮುಚ್ಚಿದರೆ ಅದೃಷ್ಟ ಕೈಬಿಡುತ್ತದೆ ಎಂಬುದು ಅವನ ನಂಬಿಕೆ.

ಗಂಡ ಅಡುಗೆಮನೆಯಿಂದ ಟೀ ಹಿಡಿದುಕೊಂಡು ಬಂದ. ಅವಳನ್ನು ಕಂಡು ಲೋಟವನ್ನು ಬಾಯಿಯ ಹತ್ತಿರವೇ ನಿಲ್ಲಿಸಿದ.

"ಇದನ್ನ ಯಾರು ಸರಿಸಿದ್ದು?"

"ಯಾವುದನ್ನ?"

"ಗೆರೆನ."

ಚಿತ್ರವನ್ನು ಹಿಂದೆ ಮುಂದೆ ಎಳೆಯುವಾಗ ಬೆರಳು ತಾಗಿರಬೇಕು ಎಂದ. ಅವಳು ಮೇಲಿನ ಎರಡು ತಗ್ಗುಗಳತ್ತ ಬೆರಳು ತೋರಿಸಿದಾಗ, ತಾಗಿದ್ದಲ್ಲ, ತಾನೇ ಹೊಂದಿಸಿದ್ದು ಎಂದ. ಮಾರುಕಟ್ಟೆ ಉಸಿರಾಡುತ್ತಿರುತ್ತದೆ, ಗೆರೆಯೂ ಅದರ ಜೊತೆ ಅಷ್ಟಿಷ್ಟು ಸಡಿಲವಾಗಬೇಕು, ಬಲ್ಲವರೆಲ್ಲ ಮಾಡುವುದು ಇದನ್ನೇ ಎಂದು ವಿವರಿಸಿದ. ಸೋಫಾದ ಮೇಲೆ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಒಂದು ಗೆರೆಗೆ ಇಷ್ಟೊಂದು ರಂಪಾನಾ? ಅದು ಹೋದ್ರೆ ಇನ್ನೊಂದು ಎಳ್ಕೊಂಡ್ರಾಯ್ತು."

"ನಿಮ್ಮ ಮಗ ಮಾಡಿರೋದೂ ಅದನ್ನೇ ಅತ್ತೆ," ಎಂದಳು ಅವಳು.

ಕುರ್ಚಿ ಎಳೆದು ಕೂತು, ಮಾಡಿದ್ದನ್ನು ಹಿಂದಕ್ಕೆ ತೆಗೆಯುವ ಕೀಲಿಗಳನ್ನು ಒತ್ತಿದಳು. ಸಲೂನಿನಲ್ಲಿ ಬಿಲ್ಲು ತಪ್ಪಿದಾಗ ಒತ್ತುವ ಅವೇ ಎರಡು ಕೀಲಿ. ಪುಟ ಮುಚ್ಚದೇ ಇದ್ದುದರಿಂದ ಅವನ ಹಳೆಯ ಹೆಜ್ಜೆಗಳೆಲ್ಲ ಅದರಲ್ಲಿ ಉಳಿದಿದ್ದವು. ಗೆರೆ ಒಂದು ನೆಗೆತ ಮೇಲೇರಿತು. ಮತ್ತೆ ಒತ್ತಿದಳು, ಮತ್ತೆ ಏರಿತು. ನಿಂತಲ್ಲೆಲ್ಲ ಅದು ಯಾವುದೋ ಒಂದು ದಿನದ ಕಡ್ಡಿಯ ಅಡಿಗೆ, ಕೂದಲೆಳೆಯಷ್ಟೇ ಜಾಗ ಬಿಟ್ಟು ನಿಲ್ಲುತ್ತಿತ್ತು. ಬೆಲೆ ಮೈಮೇಲೆ ಬಂದಾಗಲೆಲ್ಲ ಅವನು ಗೆರೆಯನ್ನು ಕೆಳಗೆ ತಳ್ಳಿದ್ದ. ಒಂದು ಕಡೆ ಅವಳ ಬೆರಳು ತಡೆಯಿತು. ಕಡ್ಡಿಯ ಕೆಳಗಿನ ತಾರೀಖು ಅವಳ ಹುಟ್ಟುಹಬ್ಬದ್ದು. ಅಂದು ಅವನು ಹೊಸ ಕತ್ತರಿ ತಂದು ಅವಳ ಕೈಗಿಟ್ಟು, ನಿನ್ನ ಅಂಗಡಿಯಲ್ಲೇ ಇದರ ಬೋಣಿ ಎಂದಿದ್ದ. ಅವಳು ಆ ಕತ್ತರಿಯನ್ನು ಇನ್ನೂ ಕಾಗದದಿಂದ ಬಿಚ್ಚಿರಲಿಲ್ಲ.

"ಕತ್ತರಿ ಕೊಡೋಕೆ ಮುಂಚೆ ಸರಿಸಿದ್ಯಾ, ಕೊಟ್ಟಮೇಲಾ?"

ಅವನು ಮೌಸಿನತ್ತ ಕೈ ಚಾಚಿ, ಮುಂದಿನ ವಾರ ಏರೇ ಏರುತ್ತದೆ, ಸ್ವಲ್ಪ ತಾಳು ಎಂದ. ಅವಳು ಆ ಕೈಯನ್ನು ಮೇಜಿನಿಂದಾಚೆ ತಳ್ಳಿದಳು. ಟೀ ತುಳುಕಿ ಅವನ ಅಂಗಿಯ ಮೇಲೆ ಬಿತ್ತು. ಅತ್ತೆಯ ಕೈಯಲ್ಲಿದ್ದ ಟವೆಲ್ಲು ಅರ್ಧ ಮಡಿಕೆಗೇ ನಿಂತಿತು.

ಕೊನೆಗೆ ಗೆರೆ ತನ್ನ ಹಳೆಯ ಎರಡು ತಗ್ಗುಗಳನ್ನು ಹೋಗಿ ಮುಟ್ಟಿತು. ಅವಳು ಅಲ್ಲಿಗೆ ನಿಲ್ಲಿಸಬಹುದಿತ್ತು. ಸಿಟ್ಟಿನ ಬೆರಳು ಇನ್ನೊಮ್ಮೆ ಒತ್ತಿತು. ಈ ಸಲ ಗೆರೆ ಅಲುಗಲಿಲ್ಲ. ಪರದೆಯ ಬಲಗಡೆ ಒಂದು ಬಾಗಿಲು ಮೂಡಿತು.

ಸೊಟ್ಟ ಚೌಕಟ್ಟು, ದುಂಡು ಹಿಡಿಕೆ, ಮೇಲೊಂದು ಕತ್ತರಿ. ಗೆರೆ ಎಳೆದ ದಿನ, ಗಂಡ ನಗುತ್ತಾ ಬೇಡ ಬೇಡ ಎನ್ನುತ್ತಿದ್ದಂತೆಯೇ, ಪರದೆಯ ಕುಂಚ ಹಿಡಿದು ಅವಳು ಬಿಡಿಸಿದ್ದ ಬಾಗಿಲು. ಆಗ ಆ ಭಾಗವೆಲ್ಲ ಇನ್ನೂ ಬಾರದ ದಿನಗಳಿಗಾಗಿ ಖಾಲಿ ಬಿಟ್ಟ ಜಾಗ. ಆಮೇಲೆ ಅದು ಕಣ್ಣಿಗೆ ಬೀಳದಿದ್ದಾಗ, ಚಿತ್ರದ ಯಾವುದೋ ಬದಿಗೆ ಸರಿದಿರಬೇಕು ಎಂದುಕೊಂಡಿದ್ದಳು.

"ಗೆರೆ ಸರಿಸಿದ್ದು ಆಮೇಲೆ," ಎಂದಳು. ಅವಳ ದನಿ ಈಗ ಇಳಿದಿತ್ತು. "ಮೊದಲು ಇದನ್ನ ಅಳಿಸಿದ್ದೀಯ."

ಗಂಡ ಅಂಗಿಯ ಮೇಲಿನ ಟೀ ಒರೆಸಿಕೊಳ್ಳುತ್ತ ಹೇಳಿದ: "ಅಡ್ಡ ಬರ್ತಿತ್ತು ಕಣೇ. ಬೆಲೆ ಕಾಣ್ತಿರಲಿಲ್ಲ."

ಅವಳು ಪರದೆಯನ್ನು ಅತ್ತೆಗೂ ಕಾಣುವಂತೆ ತಿರುಗಿಸಿದಳು. ಅಂದು ಬಾರದಿದ್ದ ದಿನಗಳೆಲ್ಲ ಈಗ ಬಂದಾಗಿತ್ತು. ಬೆಲೆಯ ಕಡ್ಡಿಗಳು ಬಾಗಿಲಿನ ಹೊಸ್ತಿಲಿಗೆ ತಲೆಯೂ ತಾಗದಷ್ಟು ಆಳದಲ್ಲಿ, ಒಂದೂ ಅದರ ಮರೆಗೆ ಬೀಳದೆ, ಸಾಲಾಗಿ ಅದರಡಿಯಿಂದ ದಾಟಿಹೋಗಿದ್ದವು.