ಎಪ್ಪತ್ತೆಂಟು ಡಿಗ್ರಿಯ ಅಡುಗೆಮನೆ

ಜನವರಿಯ ಮಧ್ಯಾಹ್ನ. ಹೊರಗೆ ಹಿಮ ಸುರಿಯುತ್ತಿದ್ದರೂ ಬ್ರಾಂಕ್ಸ್‌ನ ಆ ಬಾಡಿಗೆ ಕಟ್ಟಡದ ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಮಾಲೀಕ ಜೆಫ್ ನಾಲ್ಕು ಮಹಡಿ ಹತ್ತಿ, ಏದುಸಿರು ಬಿಡುತ್ತ ಮುದುಕಿ ಒಟಿಲಿಯಾಳ ಬಾಗಿಲು ಬಡಿದ. ಕೋಟು ಕಂಕುಳಲ್ಲಿತ್ತು, ಅಂಗಿ ಬೆನ್ನಿಗೆ ಅಂಟಿತ್ತು.

“ಮೂರು ದಿನದಿಂದ ಬಾಯ್ಲರ್ ನಿಂತೇ ಇಲ್ಲಮ್ಮಾ! ಎಣ್ಣೆ ಟ್ಯಾಂಕಿನ ತಳ ಕಾಣ್ತಿದೆ. ನನ್ನ ಯಂತ್ರ ಎಲ್ಲಿ?”

“ಮೊದ್ಲು ಕೂತ್ಕೊ ಮಗಾ. ಕಾಫಿ ಕುಡಿ.”

ಯಂತ್ರವೆಂದರೆ ಬೆಂಕಿಪೊಟ್ಟಣದಷ್ಟು ಬಿಳಿ ಡಬ್ಬಿ. ಮನೆಯೊಳಗೆ ಶಾಖ ಎಷ್ಟು ಫ್ಯಾರನ್‌ಹೀಟ್ ಡಿಗ್ರಿ ಇದೆಯೆಂದು, ಕಟ್ಟಡವನ್ನೆಲ್ಲ ಕಾಯಿಸುವ ನೆಲಮಾಳಿಗೆಯ ಬಾಯ್ಲರ್‌ಗೂ ಜೆಫ್‌ನ ಫೋನಿಗೂ ತಿಳಿಸುವುದು ಅದರ ಕೆಲಸ. ಚಳಿ ಶುರುವಾದಾಗ ಜೆಫ್ ಅದನ್ನು ತಂದು, ಉಳಿದ ಇಪ್ಪತ್ತು ಮನೆ ಬಿಟ್ಟು, ಅಡುಗೆಮನೆಯಲ್ಲೇ ಇರಬೇಕೆಂದು ಒಟಿಲಿಯಾಳ ಒಲೆಯ ಮೇಲ್ಗಡೆಯೇ ಮೊಳೆ ಹೊಡೆದು ನೇತುಹಾಕಿದ್ದ. ಎಂಥ ಖದೀಮ! ಅವಳ ಒಲೆ ಬೆಳಗಿನಿಂದ ಸಂಜೆಯವರೆಗೆ ಆರುವುದೇ ಇಲ್ಲ. ಒಂದು ಕಡೆ ಕಾಳು ಬೇಯುತ್ತಿದ್ದರೆ ಇನ್ನೊಂದು ಕಡೆ ಬಾಳೆಕಾಯಿ ಕರಿಯುತ್ತಿರುತ್ತದೆ. ಕಟ್ಟಡವೆಲ್ಲ ಹೀಗೇ ಬೆಚ್ಚಗಿದೆಯೆಂದು ನಂಬಿ ಬಾಯ್ಲರ್ ಆಗ ತೆಪ್ಪಗೆ ಮಲಗಿಬಿಟ್ಟಿತ್ತು.

ಕೆಳಗಿನ ಮನೆಯ ಮಾರಿಬೆಲ್‌ಳ ಇಪ್ಪತ್ತು ದಿನದ ಕೂಸಿಗೆ ಎರಡೆರಡು ಟೋಪಿ ಹಾಕಿದರೂ ತುಟಿ ನೀಲಿಗಟ್ಟಿತ್ತು. ಅವಳು ಅತ್ತು ಕರೆದಾಗ ಜೆಫ್ ಬಂದು ತನ್ನ ಫೋನು ತೋರಿಸಿದ್ದ.

“ನೋಡು ತಾಯಿ, ಎಪ್ಪತ್ತೆಂಟು. ಕಾನೂನು ಕೇಳೋದು ಅರವತ್ತೆಂಟು ಡಿಗ್ರಿ. ಹತ್ತು ನಾನು ಧರ್ಮಕ್ಕೆ ಕೊಡ್ತಿದೀನಿ.”

ಒಟಿಲಿಯಾ ಅಲ್ಲೇ ನಿಂತಿದ್ದಳು. ತನ್ನ ಒಲೆಯೇ ಕೂಸನ್ನು ನಡುಗಿಸುತ್ತಿದೆಯೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಈಗ ಒಲೆಯ ಮೇಲ್ಗಡೆ ಬರೀ ಮೊಳೆ ಇತ್ತು. ಜೆಫ್ ಫೋನು ಚಾಚಿದ. “ಮೂವತ್ತೆಂಟು ಅಂತಿದೆ ನೋಡಿ, ಹೊರಗಿನ ಹಿಮದಷ್ಟೇ ಚಳಿ! ಇಲ್ಲಿ ಮೂವತ್ತೆಂಟಾ? ನಾನು ಬೆಂದುಹೋಗ್ತಿದೀನಿ!”

“ಹಾಲು ಬೇಕಾದ್ರೆ ಫ್ರಿಜ್ಜಲ್ಲಿದೆ, ತಗೋ.”

ಜೆಫ್ ಫ್ರಿಜ್ ತೆರೆದ. ಮೊಟ್ಟೆಗಳ ಸಾಲಿನಲ್ಲಿ ಬಿಳಿ ಡಬ್ಬಿ ನೆಮ್ಮದಿಯಾಗಿ ಕೂತಿತ್ತು.

“ಅಯ್ಯೋ ದೇವ್ರೇ! ಇದನ್ನ ಇಲ್ಲಿಡೋದಾ?”

“ಅಡುಗೆಮನೇಲೇ ಇರ್ಬೇಕು ಅಂದೋನು ನೀನೇ ತಾನೇ? ಫ್ರಿಜ್ಜೇನು ಬಚ್ಚಲಲ್ಲಿದ್ಯಾ?”

“ಮನೆ ತಪಾಸಣೆಯ ಇನ್ಸ್‌ಪೆಕ್ಟರನ್ನ ಕರೆಸ್ತೀನಿ!”

“ಕರೆಸಪ್ಪಾ. ಈ ಮೊಳೆ ಎಲ್ಲಿ ಹೊಡೆದಿದ್ದೆ ಅಂತ ನಾನೇ ತೋರಿಸ್ತೀನಿ. ಆಮೇಲೆ, ಕಾನೂನು ಕೇಳೋದು ಅರವತ್ತೆಂಟು, ನಿನ್ನ ಫೋನಲ್ಲಿರೋದು ಮೂವತ್ತೆಂಟು. ಇನ್ನೂ ಮೂವತ್ತು ನೀನೇ ಕೊಡ್ಬೇಕು.”

ಜೆಫ್ ಡಬ್ಬಿಯನ್ನು ಫ್ರಿಜ್ಜಿನಿಂದ ಎತ್ತಿಕೊಂಡ. ಹಣೆಯ ಬೆವರೊರೆಸಿಕೊಂಡು, “ಸರಿ, ಎಲ್ಲಿ ಹಾಕ್ಲಿ ಹೇಳಿ” ಎಂದ.

“ಕೂಸಿನ ತೊಟ್ಟಿಲ ಹತ್ರ.”

“ಸುತ್ತಿಗೆ ತಂದಿಲ್ಲ, ನಾಳೆ ಬರ್ತೀನಿ.”

ಒಟಿಲಿಯಾ ಮೇಜಿನ ಮೇಲಿದ್ದ ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅದರ ಹಿಂದೆ ಒಂದು ಸುತ್ತಿಗೆ, ಎರಡು ಮೊಳೆ ಮೂರು ದಿನದಿಂದ ಅವನಿಗಾಗಿಯೇ ಕಾಯುತ್ತಿದ್ದವು.