ಎರಡನೆಯದೇ ಇರಲಿ

"ಇದು ನಮ್ಮ ಡಬ್ಬಿ. ಮೇಲಿರೋ ಹೆಸರು ಮಾತ್ರ ನಮ್ಮದಲ್ಲ."

ಯಜಮಾನಿ ಔಷಧಿ ಅಂಗಡಿಯಿಂದ ತಂದಿದ್ದ ರಟ್ಟಿನ ಡಬ್ಬಿಯನ್ನು ಮೇಜಿನ ನಡುವೆ ಇಟ್ಟಳು. ಎಷ್ಟು ಸಲ ತೆರೆದು ಮುಚ್ಚಿದ್ದಳೋ, ಮಡಿಕೆಗಳು ಸವೆದುಹೋಗಿದ್ದವು.

ಅಂಟಿಲ್ಲದೆ ನಿಲ್ಲುವ, ಒಂದೇ ಕೈಯಲ್ಲಿ ತೆರೆಯಬಹುದಾದ ಆ ಡಬ್ಬಿಗಾಗಿ ನಾಲ್ಕೇ ಜನರ ಈ ವಿನ್ಯಾಸ ಕಚೇರಿ ವರ್ಷವಿಡೀ ತಲೆ ಕೆಡಿಸಿಕೊಂಡಿತ್ತು. ಗಿರಾಕಿಗೆ ತೋರಿಸುವ ಮೊದಲೇ ಎದುರಾಳಿ ಕಂಪನಿ ಅದನ್ನು ಅಂಗಡಿಗೆ ಇಳಿಸಿತ್ತು. ಒಳಗಿನವರೇ ಯಾರೋ ನಕ್ಷೆ ದಾಟಿಸಿದ್ದರು.

ನಕ್ಷೆ ಬರೆದವಳು ಕತ್ತರಿ. ರಟ್ಟು ಕತ್ತರಿಸುವ ಕೈಚಳಕಕ್ಕೆ ಸಿಕ್ಕ ಅಡ್ಡಹೆಸರು ಅದು. ಸ್ಕೇಲು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಅವಳಿಗೆ ಕಲಿಸಿದವಳು ಯಜಮಾನಿಯೇ. ಈಗ ಎಲ್ಲರ ಕಣ್ಣೂ ಕತ್ತರಿಯ ಮೇಲೆ. ಅವಳ ಕಣ್ಣು ನೆಲದ ಮೇಲೆ.

"ಹತ್ತು ವರ್ಷದ ನಕ್ಷೆ, ಮೇಲ್, ಸ್ಕ್ಯಾನು ಎಲ್ಲಾ ಕಸದ ಹಾಗೆ ಬಿದ್ದಿದೆ," ಎಂದಳು ಯಜಮಾನಿ. "ಕೇಳಿದ್ದನ್ನ ಹುಡುಕಿ ಕೊಡೋ ಸಾಫ್ಟ್‌ವೇರ್ ಬೇಕು. ಮೂರು ಕಂಪನಿಯವರು ಬಂದು ತೋರಿಸ್ತಾರೆ. ನೀವೇ ಆರಿಸಿ. ಸೋಮವಾರ ಅದು ಯಾರ ಹೆಸರು ತೋರಿಸುತ್ತೋ ಅವರು ಮನೆಗೆ."

"ಸರಿಯಾಗಿ ಹೇಳಿದೆ," ಎಂದ ಭಾವ. ಯಜಮಾನಿಯ ಅಕ್ಕನ ಗಂಡ. ಕಚೇರಿ ಹುಟ್ಟಿದ್ದೇ ಅವನ ಮನೆಯ ಮುಂದಿನ ಕೋಣೆಯಲ್ಲಿ. ಅವಳಿಗಷ್ಟೇ ಅಲ್ಲ, ಇಡೀ ಕಚೇರಿಗೆ ಅವನು ಭಾವ.

ಬುಧವಾರ ಮೊದಲ ಕಂಪನಿಯವನು ಬಂದ. ಅವನದು ಕಡತಗಳ ತಲೆಬರಹ ನೋಡಿ ಹುಡುಕುತ್ತಿತ್ತು, ಒಳಗೆ ಏನು ಬರೆದಿದೆ ಎಂಬ ಗೊಡವೆಗೇ ಹೋಗುತ್ತಿರಲಿಲ್ಲ.

ಎರಡನೆಯವನು ಪ್ಲಗ್ ಎಲ್ಲಿದೆ ಎಂದೂ ಕೇಳಲಿಲ್ಲ. ಸೀದಾ ಹೋಗಿ ಕಪಾಟಿನ ಹಿಂದೆ ಕೈಹಾಕಿ ತನ್ನ ವೈರು ಚುಚ್ಚಿದ. ಅವನದು ಸ್ಕ್ಯಾನು, ಕೈಬರಹ ಎಲ್ಲವನ್ನೂ ಓದುತ್ತಿತ್ತು. ಪರೀಕ್ಷೆಗೆಂದು ಭಾವ 'ಹೊಟ್ಟೆನೋವು' ಎಂದು ಒತ್ತಿದ. ಲೆಕ್ಕ ಬರೆಯುವ ಗೊಣಗಣ್ಣನ ರಜೆ ಅರ್ಜಿಗಳು ಒಂದರ ಹಿಂದೊಂದು ಸಾಲಾಗಿ ಬಂದು ನಿಂತವು.

"ಅಯ್ಯೋ, ಇದನ್ನೆಲ್ಲಾ ಅಳಿಸಿಬಿಟ್ರೆ?" ಎಂದ ಗೊಣಗಣ್ಣ.

"ಒಂದ್ಸಲ ಓದಿದ್ದನ್ನ ಇದು ಮರೆಯಲ್ಲ ಸಾರ್. ನೀವು ಅಳಿಸಿದ್ರೂ ಇದರ ಹತ್ರ ಇರುತ್ತೆ. ಯಾವ ಕಂಪ್ಯೂಟರಿಂದ ಅಳಿಸಿದ್ರಿ ಅಂತಾನೂ ಹೇಳುತ್ತೆ. ಓದೋಕೆ ಮುಂಚೆನೇ ಅಳಿಸಿದ್ರೆ ಮಾತ್ರ ಏನೂ ಮಾಡಕ್ಕಾಗಲ್ಲ."

"ಇರೋ ಕಂಪ್ಯೂಟರೇ ತಿಂಗಳಿಂದ ತೆವಳ್ತಾ ಇದೆ. ಇದನ್ನ ಬೇರೆ ಹಾಕಿದ್ರೆ ಮಲಗೇಬಿಡುತ್ತೆ," ಎಂದು ಗೊಣಗಿಕೊಂಡ ಗೊಣಗಣ್ಣ. ಭಾವ ಬಿದ್ದು ಬಿದ್ದು ನಕ್ಕ. ಯಜಮಾನಿ ನಗಲಿಲ್ಲ.

ಮೂರನೆಯವನದು ಅರ್ಧ ದಾರಿಯಲ್ಲೇ ಕೈಕೊಟ್ಟಿತು. ಪಾಪ, ಬೆವರು ಒರೆಸಿಕೊಂಡು ಹೋದ.

"ರಬ್ಬರಿಗೂ ಚೌಕಾಸಿ ಮಾಡೋಳು ನೀನು. ಒಬ್ಬನ ಹತ್ರನೂ ರೇಟು ಕೇಳ್ಲಿಲ್ವಲ್ಲಮ್ಮ?" ಎಂದ ಭಾವ.

"ಮನಸ್ಸೇ ಇಲ್ಲ ಭಾವ. ನಂಬಿದವರೇ ಹೀಗೆ ಮಾಡಿದ್ರೆ ಊಟ ಕೂಡ ಗಂಟಲಲ್ಲಿ ಇಳಿಯಲ್ಲ."

ಶುಕ್ರವಾರ ಅಭಿಪ್ರಾಯ ಕೇಳಿದಳು. ಗೊಣಗಣ್ಣ ತನ್ನ ಹೊಟ್ಟೆನೋವಿನ ಮಾನ ಉಳಿಸುವ ಮೂರನೆಯದೇ ಸಾಕೆಂದ.

"ಎರಡನೆಯದೇ ಇರಲಿ," ಎಂದ ಭಾವ, ಮೇಜು ಗುದ್ದಿ. "ಮೂಲೆಮೂಲೆ ಕೆದಕಲಿ. ತಪ್ಪು ಮಾಡದವರಿಗೆ ಏನು ಭಯ?"

ಕತ್ತರಿಯ ಸರದಿ ಬಂತು. "ಮೊದಲನೆಯದು," ಎಂದಳು, ಕೇಳಿಸದಷ್ಟು ಮೆಲ್ಲಗೆ.

ಭಾವ ಹುಬ್ಬೇರಿಸಿ ಯಜಮಾನಿಯನ್ನು ನೋಡಿದ. ಏನೂ ಓದದ ಸಾಫ್ಟ್‌ವೇರು! ಇನ್ನೇನು ಸಾಕ್ಷಿ ಬೇಕಿತ್ತು?

"ಯಾಕೆ?" ಎಂದಳು ಯಜಮಾನಿ.

"ಎಲ್ಲಿ ಕೆದಕಿದ್ರೂ ಆ ನಕ್ಷೆ ಮೇಲೆ ನನ್ನ ಹೆಸರೇ ಇರುತ್ತೆ ಮೇಡಂ. ಕಳಿಸಿದವರು ಯಾರು ಅಂತ ಹೇಗೆ ಬರುತ್ತೆ? ಆಫೀಸಿಗೆಲ್ಲಾ ಇರೋದು ಒಂದೇ ಮೇಲ್, ಒಂದೇ ಪಾಸ್‌ವರ್ಡ್." ಅವಳ ದನಿ ಒಡೆಯಿತು. "ಈ ಕೆಲಸ ಹೋದ್ರೆ ಹೋಗ್ಲಿ. ಕಳ್ಳಿ ಅನ್ನಿಸ್ಕೊಂಡು ಹೋದ್ರೆ ಇನ್ಯಾರು ಕೆಲಸ ಕೊಡ್ತಾರೆ?"

ಯಜಮಾನಿ ಮುಖ ತಿರುಗಿಸಿ ತನ್ನ ಕೋಣೆಗೆ ನಡೆದಳು. ಕತ್ತರಿ ಅಳುತ್ತಾ ಹೊರಗೆ ಹೋದಳು. ಗುರುವಿನಂತೆ ಕಂಡವಳೇ ತನ್ನನ್ನು ಕೈಬಿಟ್ಟಳಲ್ಲ ಎಂಬ ಸಂಕಟ ಅವಳಿಗೆ.

ಸೋಮವಾರ ಕತ್ತರಿ ತನ್ನ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಕೂತಿದ್ದಳು. ಗೊಣಗಣ್ಣ ಕೂಡ ಗೊಣಗುವುದನ್ನು ನಿಲ್ಲಿಸಿದ್ದ. ಯಜಮಾನಿ ಕಣ್ಣು ಊದಿಸಿಕೊಂಡು ಬಂದಳು.

ಭಾವ ಹತ್ತಿರ ಬಂದು ಪಿಸುಗುಟ್ಟಿದ. "ಎಲ್ಲರ ಮುಂದೆ ಮಾನ ಕಳೀಬೇಡಮ್ಮ. ಒಳಗೆ ಕರೆದು ಹೇಳು."

"ಹೌದು, ಒಳಗೇ ಹೇಳ್ತೀನಿ. ನೀವು ಬನ್ನಿ."

ಅವನು ಹಿಂದೆಯೇ ಹೋದ. ಅವಳು ಬಾಗಿಲು ಹಾಕಿದಳು.

"ಅಳ್ತೀಯಾ ಯಾಕೆ?" ಎಂದ ಭಾವ. "ಕತ್ತರೀನ ನೀನು ಮನೆಯವಳ ಹಾಗೆ ನೋಡ್ಕೊಂಡೆ, ಬೆನ್ನಿಗೆ ಚೂರಿ ಹಾಕಿದ್ಲು. ಸಂಕಟ ಆಗೋದು ಸಹಜ. ಎರಡನೆಯದನ್ನ ಇವತ್ತೇ ತರಿಸು. ಎಲ್ಲಾ ಬಯಲಾಗಲಿ."

ಯಜಮಾನಿ ಕಂಪ್ಯೂಟರಿನ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು.

"ಅದನ್ನ ತಂದು ತಿಂಗಳಾಯ್ತು, ಭಾವ. ನಕ್ಷೆ ದಾಟಿಸಿದ ಮೇಲ್ ಆಗಲೇ ಸಿಕ್ಕಿತ್ತು, ಕಳಿಸಿದವರು ಯಾರು ಅಂತ ಮಾತ್ರ ಗೊತ್ತಾಗಿರ್ಲಿಲ್ಲ. ಗುರುವಾರ ನಿಮ್ಮ ಕಂಪ್ಯೂಟರಿಂದ ಅದನ್ನ ಅಳಿಸಿದ್ರಿ. ಅಕ್ಕನಿಗೆ ನೀವೇ ಹೇಳ್ತೀರೋ, ನಾನೇ ಹೇಳ್ಲೋ?"