ಹದಿನಾಲ್ಕು ಪಾಯಿಂಟ್

"ಅಕ್ಷರ ಸಣ್ಣದಾಗಿದೆ" ಎಂದಳು ಸ್ತೋಯ್ಕಾ. ಕನ್ನಡಕ ಒರೆಸಿಕೊಂಡು ಹಾಳೆಯನ್ನು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. "ಹೌದು, ಸಣ್ಣದೇ."

ಅವಳ ಗಂಡ ಝಿವ್ಕೊ ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. ಓದುವುದು ಕಷ್ಟವಾದರೆ ಕೂಡಲೇ ಬನ್ನಿ ಎಂದು ಕಣ್ಣಿನ ಡಾಕ್ಟರು ಹೇಳಿ ಎರಡು ತಿಂಗಳೂ ಆಗಿರಲಿಲ್ಲ.

ಒಂದು ಕಥೆ ಮುದ್ರಿಸಿದ ಆ ಹಾಳೆ ತಂದವಳು ಮೇಲಿನ ಮಹಡಿಯ ರಾಲಿತ್ಸಾ. ವೆಬ್‌ಸೈಟ್ ಕಟ್ಟುವುದು ಅವಳ ಕಸುಬು. ರೂಸೆ ಪಟ್ಟಣದ ಆ ಬಡಾವಣೆಯ ಓದುಮನೆಯವರು ದೊಡ್ಡಕ್ಷರದ ಹಳೆಯ ಕಥೆಪುಸ್ತಕಗಳನ್ನು ವೆಬ್‌ಸೈಟಿಗೆ ಹಾಕಿಸುತ್ತಿದ್ದರು. ಮುದುಕರು ಬೇಕಾದ ಕಥೆಯನ್ನು ಮುದ್ರಿಸಿಕೊಳ್ಳಬಹುದು. ಅಕ್ಷರ ಮಾತ್ರ ಮೊದಲಿನಷ್ಟೇ ಇರಬೇಕು. ಅಚ್ಚುಮನೆಯಲ್ಲಿ ಆ ಪುಸ್ತಕಗಳಿಗೆ ಸೀಸದ ಅಕ್ಷರ ಜೋಡಿಸಿದವನು ಝಿವ್ಕೊನೇ. ಅಕ್ಷರದ ಅಳತೆ ಹದಿನಾಲ್ಕು ಪಾಯಿಂಟ್ ಎಂದು ಅವನೇ ಹೇಳಿಕೊಟ್ಟಿದ್ದ.

"ಲೆಕ್ಕ ತಪ್ಪಿಲ್ಲ ತಾತ" ಎಂದಳು ರಾಲಿತ್ಸಾ. "ಮೂರು ಪಾಯಿಂಟಿಗೆ ಕಂಪ್ಯೂಟರಿನ ನಾಲ್ಕು ಪಿಕ್ಸೆಲ್. ಹದಿನಾಲ್ಕಕ್ಕೆ ಹದಿನೆಂಟೂವರೆ ಚಿಲ್ಲರೆ. ಅಷ್ಟೇ ಕೊಟ್ಟಿದೀನಿ."

"ಬಿಡು ಮಗಳೇ, ಕಣ್ಣಿಂದೇ ತಪ್ಪು" ಎಂದು ಸ್ತೋಯ್ಕಾ ಹಾಳೆ ಮಡಿಚಿದಳು. "ಡಾಕ್ಟರಿಗೆ ಫೋನ್ ಮಾಡು, ಝಿವ್ಕೊ."

ಝಿವ್ಕೊ ಏಳಲಿಲ್ಲ. ರಾಲಿತ್ಸಾ ಎದ್ದು ಕಪಾಟಿನಿಂದ ಅದೇ ಕಥೆಯ ಹಳೆಯ ಪುಸ್ತಕ ತೆಗೆದುಕೊಟ್ಟಳು. "ಇದನ್ನ ಓದಿ ಅಜ್ಜಿ, ನೋಡೋಣ."

"ಹೆಂಡತಿ ಸತ್ತ ಮೇಲೆ ಗಿರಣಿಯವನು ಯಾರ ಜೊತೆಗೂ ಜಗಳವಾಡಲಿಲ್ಲ" ಎಂದು ಸ್ತೋಯ್ಕಾ ಎಲ್ಲೂ ತಡವರಿಸದೆ ಓದಿದಳು. ಓದಿ, ತಾನೇ ಬೆರಗಾಗಿ ತಲೆಯೆತ್ತಿದಳು.

ಈಗ ಝಿವ್ಕೊ ಎದ್ದ. ಒಳಗಿನಿಂದ ಅಳತೆಪಟ್ಟಿ ತಂದು, ಪುಸ್ತಕದಲ್ಲಿ ಹತ್ತು ಸಾಲು ಅಳೆದ, ಹಾಳೆಯಲ್ಲಿ ಹತ್ತು ಸಾಲು ಅಳೆದ. ಎರಡರಲ್ಲೂ ಸಾಲುಗಳ ನಡುವೆ ಬೇರೆ ಜಾಗ ಬಿಟ್ಟಿರಲಿಲ್ಲ. ಆದರೂ ಹಾಳೆಯ ಸಾಲುಗಳು ಮೂರು ಮಿಲಿಮೀಟರು ಮೊದಲೇ ಮುಗಿದವು. ಮತ್ತೆ ಅಳೆದ. ಮತ್ತೆ ಮೂರು.

ರಾಲಿತ್ಸಾ ಫೋನಿನಲ್ಲಿ ಏನೇನೋ ಹುಡುಕಿ ನಕ್ಕುಬಿಟ್ಟಳು. "ತಾತ, ನಿಮ್ಮ ಸೀಸದ ಪಾಯಿಂಟೇ ಬೇರೆ, ಕಂಪ್ಯೂಟರಿನ ಪಾಯಿಂಟೇ ಬೇರೆ! ನಿಮ್ಮದು ಒಂಚೂರು ದೊಡ್ಡದು. ನಿಮ್ಮ ಹದಿನಾಲ್ಕು ಅಂದ್ರೆ ನನಗೆ ಹದಿನೈದು."

"ಪಾಯಿಂಟ್ ಅಂದ್ರೆ ಪಾಯಿಂಟು. ಅದರಲ್ಲೂ ಎರಡು ಜಾತಿಯೇನೆ?" ಎಂದು ಗದರಿದ ಝಿವ್ಕೊ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. "ಒಂದು ಕೂದಲೆಳೆ ಕಮ್ಮಿಯಾಗಿದ್ದು ಇವಳಿಗೆ ಗೊತ್ತಾಯ್ತು ನೋಡು!"

ರಾಲಿತ್ಸಾ ಅಲ್ಲೇ ಕೂತು ಅಳತೆ ತಿದ್ದಿದಳು. ಟ್ಯಾಬ್ಲೆಟ್ಟಿನಲ್ಲಿ ಪುಟ ತೆರೆದು ತೋರಿಸಿದಳು. "ಪರದೆಗೆ ಒಂದೂಕಾಲು ಅಂತ ಬರೆದಿದೀನಿ."

"ಒಂದೂಕಾಲು ಏನು? ಅಂಗುಲವೋ, ಗಜವೋ?"

"ಎರಡೂ ಅಲ್ಲ. ಓದೋರು ತಮ್ಮ ಪರದೆಯಲ್ಲಿ ಮಾಮೂಲಿ ಅಕ್ಷರ ಎಷ್ಟಿರಲಿ ಅಂತ ಇಟ್ಕೊಂಡಿರ್ತಾರೋ, ಅದರ ಒಂದೂಕಾಲು ಪಟ್ಟು. ಅವರು ಅದನ್ನ ಹಿಗ್ಗಿಸಿದ್ರೆ ಇದೂ ಹಿಗ್ಗುತ್ತೆ."

"ಅಂದ್ರೆ ಅಳತೆ ಗೊತ್ತು ಮಾಡೋದು ಓದೋರಾ?" ಝಿವ್ಕೊ ಮೂಗು ಮುರಿದ. "ಇದೂ ಒಂದು ಅಳತೇನಾ!"

"ಎಲ್ಲಿ ಒತ್ತಬೇಕು, ತೋರಿಸು" ಎಂದು ಸ್ತೋಯ್ಕಾ ಟ್ಯಾಬ್ಲೆಟ್ಟನ್ನು ಮಡಿಲಿಗೆ ಎಳೆದುಕೊಂಡಳು. ರಾಲಿತ್ಸಾ ತೋರಿಸಿದಳು. ಅಕ್ಷರ ಹಳೆಯ ಪುಸ್ತಕದಷ್ಟಾಯಿತು. ಸ್ತೋಯ್ಕಾಳ ಬೆರಳು ನಿಲ್ಲಲಿಲ್ಲ. ಅದರ ಎರಡರಷ್ಟಾಯಿತು. ಪರದೆಯಲ್ಲಿ ಐದೇ ಸಾಲು ಉಳಿದಾಗ ಬೆರಳು ನಿಂತಿತು. ಅವಳು ಕನ್ನಡಕ ತೆಗೆದಿಟ್ಟು ಬೆನ್ನನ್ನು ಕುರ್ಚಿಗೆ ಒರಗಿಸಿದಳು. ಒಂದು ಪುಟ ಓದಿದಳು, ಇನ್ನೊಂದು ಓದಿದಳು.

"ಝಿವ್ಕೊ" ಎಂದಳು, ಕಣ್ಣು ಎತ್ತದೆ. "ನಲವತ್ತು ವರ್ಷ ಅಕ್ಷರ ಜೋಡಿಸಿದೆಯಲ್ಲ, ನನಗೆ ಎಷ್ಟು ದೊಡ್ಡದು ಬೇಕು ಅಂತ ಒಂದು ಸಲನಾದ್ರೂ ಕೇಳಿದ್ಯಾ?"